ಹಳೇ ಮಾರುತಿಯ ಮುಂದಿನ ಶಾಕ್ ಅಬ್ಸಾರ್ಬರ್: ಮನೆಯಲ್ಲಿ ಎಷ್ಟು ಮಾಡಬಹುದು, ಎಲ್ಲಿ ನಿಲ್ಲಿಸಬೇಕು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಮಾರುತಿ 800 ಇವತ್ತಿಗೂ ಓಡಾಡುತ್ತಿದೆ. ಪೇಟೆಯವರು ಮಾರಿದ ಗಾಡಿ ಎರಡನೇ ಕೈ, ಮೂರನೇ ಕೈ ದಾಟಿ ನಮ್ಮಂಥವರ ಹಟ್ಟಿ ಮುಂದೆ ಬಂದು ನಿಂತಿದೆ. ಬೆಳಗ್ಗೆ ಡೇರಿಗೆ ಹಾಲಿನ ಕ್ಯಾನು, ಮಧ್ಯಾಹ್ನ ಸೊಸೈಟಿಯಿಂದ ಗೊಬ್ಬರದ ಚೀಲ, ವಾರಕ್ಕೊಮ್ಮೆ ರಾಮನಗರಕ್ಕೆ ರೇಷ್ಮೆಗೂಡು, ನಡುವೆ ಮದುವೆ, ಆಸ್ಪತ್ರೆ ಎಲ್ಲಕ್ಕೂ ಅದೇ ಗಾಡಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಗೆ ನಿಂತಿತು. ಅಂದಮೇಲೆ ನಮ್ಮಲ್ಲಿರುವ ಯಾವ 800 ಕೂಡ ಹೊಸದಲ್ಲ.

ಎಂಜಿನ್ ವಿಷಯದಲ್ಲಿ ಈ ಗಾಡಿ ಗಟ್ಟಿ. ಆದರೆ ಮುಂದಿನ ಶಾಕ್ ಅಬ್ಸಾರ್ಬರ್, ಗ್ಯಾರೇಜಿನವರ ಬಾಯಲ್ಲಿ ಶಾಕಬ್ಸರ್, ನಮ್ಮ ರಸ್ತೆಗಳಲ್ಲಿ ಬಹಳ ಕಾಲ ಬಾಳುವುದಿಲ್ಲ. ಕಬ್ಬು ಅರೆಯುವ ಕಾಲಕ್ಕೆ ಕೊಪ್ಪ, ಕೆ.ಎಂ.ದೊಡ್ಡಿ ಕಡೆ ಲೋಡು ಟ್ರ್ಯಾಕ್ಟರುಗಳು ಓಡಾಡಿ ರಸ್ತೆಯಲ್ಲಿ ಬಿದ್ದ ಗುಂಡಿಗೆಲ್ಲ ಮೊದಲು ಇಳಿಯುವುದು ಮುಂದಿನ ಚಕ್ರ. ಇದನ್ನು ಮನೆಯಲ್ಲೇ ಬದಲಿಸಿ ಕೂಲಿ ಉಳಿಸಬಹುದೇ ಅಂತ ಹಲವರು ಕೇಳುತ್ತಾರೆ. ಪಂಪ್‌ಸೆಟ್ ಬಿಚ್ಚಿ ಜೋಡಿಸುವ, ಟಿಲ್ಲರ್ ರಿಪೇರಿ ಮಾಡುವ ರೈತನಿಗೆ ಇದು ಆಗದ ಕೆಲಸವೇನಲ್ಲ. ಆದರೆ ಇದರಲ್ಲಿ ಎರಡು ಕಡೆ ಪ್ರಾಣಾಪಾಯ ಇದೆ. ಒಂದು, ಜಾಕ್ ಜಾರಿ ಗಾಡಿ ಮೈಮೇಲೆ ಬೀಳುವುದು. ಇನ್ನೊಂದು, ಅದುಮಿದ ಸ್ಪ್ರಿಂಗ್ ಚಿಮ್ಮುವುದು. ಈ ಎರಡನ್ನೂ ತಿಳಿದವರು ಮಾತ್ರ ಪಾನಾ ಹಿಡಿಯಬೇಕು.

ಸ್ಟ್ರಟ್ ಅಂದರೇನು?

ಎತ್ತಿನಗಾಡಿಗೆ ಸ್ಪ್ರಿಂಗೂ ಇಲ್ಲ, ಶಾಕಬ್ಸರೂ ಇಲ್ಲ. ಅಚ್ಚಿನ ಮೇಲೆ ನೇರ ಮೂಕಿ. ಗುಂಡಿಗೆ ಬಿದ್ದರೆ ಪೆಟ್ಟೆಲ್ಲ ಕೂತವನ ಬೆನ್ನಿಗೆ. ಕಾರಿನಲ್ಲಿ ಆ ಪೆಟ್ಟನ್ನು ಸ್ಪ್ರಿಂಗ್ ನುಂಗುತ್ತದೆ. ಆದರೆ ನುಂಗಿದ ಸ್ಪ್ರಿಂಗ್ ಸುಮ್ಮನಿರುವುದಿಲ್ಲ, ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಬಿದಿರು ಗಳವೊಂದರ ಬುಡ ಹಿಡಿದು ತುದಿ ಬಗ್ಗಿಸಿ ಬಿಡಿ, ಗಾಳಿಯಲ್ಲಿ ಅದು ಎಷ್ಟೋ ಹೊತ್ತು ತೂಗುತ್ತದೆ. ಅದೇ ಗಳವನ್ನು ನಾಲೆ ನೀರಿನೊಳಗೆ ಬಗ್ಗಿಸಿ ಬಿಟ್ಟರೆ ಒಂದೆರಡು ಸಲ ಅಲ್ಲಾಡಿ ನಿಂತುಬಿಡುತ್ತದೆ. ಶಾಕ್ ಅಬ್ಸಾರ್ಬರಿನ ಕೆಲಸ ಈ ನೀರಿನದು. ಒಳಗೆ ಎಣ್ಣೆ ತುಂಬಿದ ಕೊಳವೆ, ಅದರಲ್ಲಿ ಓಡಾಡುವ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ತೂತುಗಳು. ಎಣ್ಣೆ ಆ ತೂತಿನಲ್ಲಿ ನುಸುಳಿಯೇ ಹೋಗಬೇಕಾದ್ದರಿಂದ ಕುಣಿತ ತಗ್ಗುತ್ತದೆ.

800ರ ಮುಂಭಾಗದಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಬೇರೆ ಬೇರೆ ಇಲ್ಲ. ಶಾಕ್ ಅಬ್ಸಾರ್ಬರಿನ ಸುತ್ತ ಸ್ಪ್ರಿಂಗ್ ಕೂತಿರುತ್ತದೆ. ಎರಡೂ ಸೇರಿದ ಈ ಕಂಬಕ್ಕೇ ಸ್ಟ್ರಟ್ ಅನ್ನುವುದು. ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ ಈ ಜೋಡಣೆ 1950ರ ಸುಮಾರಿಗೆ ಫೋರ್ಡ್ ಕಾರುಗಳಲ್ಲಿ ಬಂತು. ಜಾಗ ಕಡಿಮೆ, ಭಾಗಗಳೂ ಕಡಿಮೆ ಅಂತ ಆಮೇಲೆ ಸಣ್ಣ ಕಾರುಗಳಿಗೆಲ್ಲ ಇದೇ ಆಯಿತು. ಈ ಕಂಬದ ತಲೆ ಬಾನೆಟ್ ಕೆಳಗೆ ಬಾಡಿಗೆ ಕಚ್ಚಿಕೊಂಡಿರುತ್ತದೆ, ಬುಡ ಚಕ್ರ ಹೊತ್ತ ನಕಲ್‌ಗೆ ಬೋಲ್ಟಿನಿಂದ ಬಿಗಿದಿರುತ್ತದೆ. ಸ್ಟೇರಿಂಗ್ ತಿರುಗಿಸಿದಾಗ ಕಂಬವೇ ತಿರುಗುತ್ತದೆ. ಹಾಗಾಗಿ ಸ್ಟ್ರಟ್ ಸೋತರೆ ಬರೀ ಕುಲುಕಾಟದ ಪ್ರಶ್ನೆಯಲ್ಲ. ಸ್ಟೇರಿಂಗ್, ಬ್ರೇಕು, ಟೈರು ಮೂರೂ ಕೆಡುತ್ತವೆ.

ಯಾಕೆ ಮುಂದೂಡಬಾರದು?

ಕುಲುಕಾಟಕ್ಕೆ ಹೊಂದಿಕೊಂಡು ವರ್ಷಗಟ್ಟಲೆ ಓಡಿಸುವವರಿದ್ದಾರೆ. ಸೋತ ಶಾಕ್ ಅಬ್ಸಾರ್ಬರ್ ಇದ್ದಾಗ ಗುಂಡಿ ದಾಟಿದ ಚಕ್ರ ನೆಲದಿಂದ ಚೂರು ಚೂರೇ ಎಗರುತ್ತಿರುತ್ತದೆ. ಎಗರಿದ ಚಕ್ರಕ್ಕೆ ಬ್ರೇಕು ಹಿಡಿಯುವುದಿಲ್ಲ, ಸ್ಟೇರಿಂಗೂ ಕೇಳುವುದಿಲ್ಲ. ನಮ್ಮಲ್ಲಿ ನಾಲೆ ಏರಿಯ ಮೇಲಿನ ರಸ್ತೆಗಳೇ ಹೆಚ್ಚು, ಎಷ್ಟೋ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತದ್ದನ್ನು ಈ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಅದರ ಕಾರಣ ಬೇರೆ, ನಮ್ಮ ವಿಷಯ ಬೇರೆ. ಆದರೂ ಇಂಥ ಏರಿ ಮೇಲೆ ಎದುರಿಗೆ ಗಾಡಿ ಬಂದು ಪಕ್ಕಕ್ಕೆ ಎಳೆಯಬೇಕಾದಾಗ ಕಾರು ಹೇಳಿದ ಮಾತು ಕೇಳಬೇಕು. ಇನ್ನೊಂದು ಕಡೆ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇ ಇದೆ. ಹಳ್ಳಿ ದಾರಿಯಲ್ಲಿ 30ರಲ್ಲಿ ಗೊತ್ತಾಗದ ಸಡಿಲ ಅಲ್ಲಿ 80ರಲ್ಲಿ ಗೊತ್ತಾಗುತ್ತದೆ.

15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಿಸುವಾಗ ಗಾಡಿಯನ್ನು ಆರ್‌ಟಿಒಗೆ ತೋರಿಸಬೇಕು. ಆಮೇಲೆ 5 ವರ್ಷಕ್ಕೊಮ್ಮೆ ಅದೇ ಕೆಲಸ. ಎಣ್ಣೆ ಸೋರುವ ಸ್ಟ್ರಟ್ ಇಟ್ಟುಕೊಂಡು ಹೋಗಿ ಎರಡು ಸಲ ಅಲೆಯುವುದಕ್ಕಿಂತ ಮೊದಲೇ ಸರಿಪಡಿಸಿಕೊಳ್ಳುವುದು ವಾಸಿ.

ಹೋಗಿದೆಯೋ ಇಲ್ಲವೋ?

ಸದ್ದು ಬಂದ ತಕ್ಷಣ ಶಾಕಬ್ಸರ್ ಹೋಯ್ತು ಅಂತ ತೀರ್ಮಾನಿಸಬೇಡಿ. ಹೊಸ ಜೋಡಿ ಹಾಕಿದ ಮೇಲೂ ಅದೇ ಕಟಕಟ ಇರುವ ಗಾಡಿಗಳಿವೆ. ಹೀಗೆ ಪರೀಕ್ಷೆ ಮಾಡಿ:

ಒಂದು, ಬಾನೆಟ್ಟಿನ ಒಂದು ಮೂಲೆಯನ್ನು ಮೈಭಾರ ಹಾಕಿ ಒತ್ತಿ ಬಿಡಿ. ಮೇಲೆದ್ದು ಒಂದೂವರೆ ಸಲದೊಳಗೆ ನಿಂತರೆ ಸರಿ. ಮೂರು ನಾಲ್ಕು ಸಲ ತೂಗಿದರೆ ಒಳಗಿನ ಎಣ್ಣೆಯ ಕೆಲಸ ಮುಗಿದಿದೆ.

ಎರಡು, ಚಕ್ರದ ಹಿಂದೆ ಕೈ ಹಾಕಿ ಸ್ಟ್ರಟ್ಟಿನ ಮೈ ಮುಟ್ಟಿ ನೋಡಿ. ಎಣ್ಣೆ ಹರಿದು ಧೂಳು ಮೆತ್ತಿಕೊಂಡಿದ್ದರೆ ಸೀಲು ಹೋಗಿದೆ. ಬರೀ ಒದ್ದೆ ಕೆಸರನ್ನು ಎಣ್ಣೆ ಅಂದುಕೊಳ್ಳಬೇಡಿ, ಒರೆಸಿ ಎರಡು ದಿನ ಬಿಟ್ಟು ಮತ್ತೆ ನೋಡಿ.

ಮೂರು, ಮುಂದಿನ ಟೈರಿನ ಮೇಲೆ ಅಂಗೈ ಆಡಿಸಿ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಚಕ್ರ ಎಗರುತ್ತಿದೆ ಅಂತ ಅರ್ಥ.

ನಾಲ್ಕು, ನಿಂತಲ್ಲೇ ಸ್ಟೇರಿಂಗ್ ತಿರುಗಿಸುವಾಗ ಸ್ಪ್ರಿಂಗ್ 'ಟಣ್' ಅಂದು ಎಗರಿದರೆ, ಮೇಲಿನ ಮೌಂಟಿಂಗಿನ ಬೇರಿಂಗ್ ಕಚ್ಚಿಕೊಂಡಿರಬಹುದು.

ಐದು, ಚಕ್ರ ಎತ್ತಿ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಆಡಿದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್ ನೋಡಬೇಕು. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಡಿದರೆ ಅದು ಸ್ಟೇರಿಂಗ್ ರಾಡಿನ ತುದಿ. ಇವು ಸ್ಟ್ರಟ್ ಬದಲಿಸಿದರೆ ಸರಿಹೋಗುವ ರೋಗಗಳಲ್ಲ.

ಇಷ್ಟೂ ಆದ ಮೇಲೆ ಬಾನೆಟ್ ಎತ್ತಿ ಸ್ಟ್ರಟ್ ತಲೆ ಕೂತಿರುವ ತಗಡನ್ನು ನೋಡಿ. ಚಕ್ರದ ಗೂಡಿನ ಒಳಗಡೆಯಿಂದಲೂ ಕೆಸರು ತೊಳೆದು ನೋಡಿ. ಯೂರಿಯಾ, ಪೊಟ್ಯಾಷ್ ಚೀಲ ಹೇರುವ ಗಾಡಿಗಳಿಗೆ ತುಕ್ಕು ಬೇಗ. ತಿರುಪುಳಿಯಲ್ಲಿ ಚುಚ್ಚಿದರೆ ತಗಡು ಕುಸಿಯುವಂತಿದ್ದರೆ ಮೊದಲು ವೆಲ್ಡಿಂಗ್ ಕೆಲಸ, ಆಮೇಲೆ ಸ್ಟ್ರಟ್. ಕೊಳೆತ ಗೂಟಕ್ಕೆ ಹೊಸ ಹಸು ಕಟ್ಟಿದ ಹಾಗೆ ಆಗಬಾರದು.

ಏನೇನು ತರಬೇಕು?

ಒಂದೇ ಕಡೆ ಹೋಗಿದ್ದರೂ ಎರಡೂ ಕಡೆ ಬದಲಿಸಬೇಕು. ನೊಗದ ಒಂದು ಕಡೆ ಎಳೆಗರು, ಇನ್ನೊಂದು ಕಡೆ ಮುದಿ ಎತ್ತು ಕಟ್ಟಿದರೆ ಸಾಲು ಓರೆಯಾಗುವುದಿಲ್ಲವೇ, ಹಾಗೆಯೇ ಬ್ರೇಕ್ ಹೊಡೆದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಅಂಗಡಿಯಲ್ಲಿ ಗಾಡಿಯ ಮಾಡೆಲ್ ಮತ್ತು ವರ್ಷ ಹೇಳಿ ಎಡ, ಬಲ ಎರಡೂ ಸ್ಟ್ರಟ್ ಕೇಳಿ. ಎಡದ್ದು ಬಲಕ್ಕೆ ಹಾಕಿದರೆ ಬ್ರೇಕ್ ಪೈಪಿನ ಕೊಂಡಿ ಅದರ ಜಾಗಕ್ಕೆ ಬರುವುದಿಲ್ಲ. ಆಲ್ಟೊದ್ದೋ ಓಮ್ನಿಯದ್ದೋ 'ಇದೂ ಕೂರುತ್ತೆ' ಅಂದರೆ ತರಬೇಡಿ. ಜೊತೆಗೆ ಮೇಲಿನ ರಬ್ಬರ್ ಮೌಂಟಿಂಗ್, ಬೇರಿಂಗ್, ಒಳಗಿನ ಬಂಪ್ ಸ್ಟಾಪರ್, ಧೂಳು ತಡೆಯುವ ರಬ್ಬರ್ ಬೂಟು ತನ್ನಿ. ಇವನ್ನು ಹಳೇದೇ ಹಾಕಿದರೆ ಆರು ತಿಂಗಳಿಗೆ ಇಡೀ ಕೆಲಸ ಮತ್ತೆ ಮಾಡಬೇಕಾಗುತ್ತದೆ. ಒಮ್ಮೆ ಬಿಚ್ಚಿದ ಬಿಗಿ ನಟ್‌ಗಳಿಗೆ ಬದಲಾಗಿ ಹೊಸ ನಟ್ ತೆಗೆದುಕೊಳ್ಳಿ. ಬಿಲ್ಲು ಕೇಳಿ ಪಡೆಯಿರಿ. ಡಬ್ಬಿ ಅಸಲಿಯಾಗಿದ್ದು ಒಳಗಿನ ಮಾಲು ನಕಲಿ ಇರುವುದುಂಟು.

ಹಳೇ ಸ್ಟ್ರಟ್ಟಿಗೇ ಎಣ್ಣೆ ತುಂಬಿ ಕೊಡುತ್ತೇವೆ ಅನ್ನುವವರಿದ್ದಾರೆ. ಸೀಲು ಹೋಗುವ ಹೊತ್ತಿಗೆ ಒಳಗಿನ ರಾಡು ಗೀರು ಬಿದ್ದಿರುತ್ತದೆ. ಗೀರು ಬಿದ್ದ ರಾಡು ಹೊಸ ಸೀಲನ್ನೂ ತಿನ್ನುತ್ತದೆ.

ಸಾಮಾನು: ಒಳ್ಳೆಯ ಜಾಕ್, ಎರಡು ಜಾಕ್ ಸ್ಟ್ಯಾಂಡ್, ರಿಂಗ್ ಪಾನಾ ಮತ್ತು ಬಾಕ್ಸ್ ಪಾನಾ ಸೆಟ್, ಇಕ್ಕಳ, ಸುತ್ತಿಗೆ, ತಂತಿ ಬ್ರಷ್, ತುಕ್ಕು ಬಿಡಿಸುವ ಎಣ್ಣೆ, ಒಂದು ಮಾರು ಹಗ್ಗ, ಬಿಳಿ ಪೇಂಟು. ಪಕ್ಕದಲ್ಲಿ ಒಬ್ಬ ಆಳು ಇರಲೇಬೇಕು. ಒಂಟಿಯಾಗಿ ಈ ಕೆಲಸಕ್ಕೆ ಕೈಹಾಕಬೇಡಿ.

ಗಾಡಿ ಎತ್ತುವುದು

ಖಾಲಿ 800ರ ತೂಕ ಸುಮಾರು 650 ಕಿಲೋ. ಸಣ್ಣ ಗಾಡಿ ಅಂತ ಉದಾಸೀನ ಬೇಡ. ಅದು ಎಂಟೊಂಬತ್ತು ಮೂಟೆ ಭತ್ತದ ಭಾರ.

ಜಾಗ ಗಟ್ಟಿ ಮತ್ತು ಮಟ್ಟವಾಗಿರಬೇಕು. ಸಿಮೆಂಟ್ ಕಣ ಆದರೆ ಒಳ್ಳೆಯದು. ತೆಂಗಿನ ತೋಟದ ನೆರಳು ತಂಪೇನೋ ಹೌದು, ಆದರೆ ನೀರು ಹಾಯಿಸಿದ ಮಣ್ಣಲ್ಲಿ ಜಾಕ್ ಹೂತುಕೊಂಡು ವಾಲುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಮೇಲೆ ಗಾಡಿ ನಿಲ್ಲಿಸಲೇಬೇಡಿ. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಸ್ಟ್ಯಾಂಡ್ ಇಲ್ಲದಿದ್ದರೆ ಗ್ಯಾರೇಜಿನಿಂದ ಒಂದು ದಿನಕ್ಕೆ ಕೇಳಿ ತನ್ನಿ, ಸಿಗದಿದ್ದರೆ ಕೆಲಸ ಮುಂದಕ್ಕೆ ಹಾಕಿ.

800 ಮುಂದಿನ ಚಕ್ರದಿಂದ ಎಳೆಯುವ ಗಾಡಿ. ಮುಂದಿನ ಚಕ್ರ ಎತ್ತಿದ ಮೇಲೆ ಗೇರಿಗೆ ಹಾಕಿದ್ದೇನೆ ಅನ್ನುವ ಧೈರ್ಯ ಕೆಲಸಕ್ಕೆ ಬರುವುದಿಲ್ಲ. ನೆಲದ ಮೇಲಿರುವುದು ಹಿಂದಿನ ಚಕ್ರ ಮಾತ್ರ, ಅದನ್ನು ಹಿಡಿಯುವುದು ಹ್ಯಾಂಡ್ ಬ್ರೇಕ್ ಒಂದೇ. ಹಳೇ ಗಾಡಿಯ ಹ್ಯಾಂಡ್ ಬ್ರೇಕ್ ಕಥೆ ನಿಮಗೇ ಗೊತ್ತು. ಹಿಂದಿನ ಎರಡೂ ಚಕ್ರಕ್ಕೆ ಮುಂದೂ ಹಿಂದೂ ಮರದ ತುಂಡು ಕೊಡಿ.

ಚಕ್ರದ ನಟ್‌ಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸಿ. ಆಮೇಲೆ ಜಾಕ್ ಎತ್ತಿ, ಬಾಡಿಯ ಗಟ್ಟಿ ಜಾಗಕ್ಕೆ ಸ್ಟ್ಯಾಂಡ್ ಕೊಟ್ಟು, ಭಾರ ಸ್ಟ್ಯಾಂಡಿನ ಮೇಲೆ ಕೂರಿಸಿ. ಕೈಯಿಂದ ತಳ್ಳಿ ಅಲ್ಲಾಡುತ್ತದೆಯೇ ನೋಡಿ. ಬಿಚ್ಚಿದ ಚಕ್ರವನ್ನು ಗಾಡಿ ಅಡಿಗೆ ಮಲಗಿಸಿ ಇಡಿ. ಏನಾದರೂ ಜಾರಿದರೂ ಗಾಡಿ ಚಕ್ರದ ಮೇಲೆ ನಿಲ್ಲುತ್ತದೆ, ಮನುಷ್ಯನ ಮೇಲಲ್ಲ. ಮಕ್ಕಳು, ದನಕರು ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳಿ.

ಬಿಚ್ಚುವ ಕ್ರಮ

ಹಿಂದಿನ ದಿನ ಸಂಜೆಯೇ ಬೋಲ್ಟುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ರಾತ್ರಿ ನೆನೆದರೆ ಬೆಳಗ್ಗೆ ಅರ್ಧ ಕೆಲಸ ಹಗುರ.

1. ಬುಡದ ಬೋಲ್ಟುಗಳು ಮತ್ತು ಬ್ರಾಕೆಟ್ ಸೇರುವ ಕಡೆ ಬಿಳಿ ಪೇಂಟಿನಲ್ಲಿ ಗೆರೆ ಎಳೆಯಿರಿ. ತಿರುಗಿ ಕೂರಿಸುವಾಗ ಆ ಗೆರೆಗೆ ಸರಿಯಾಗಿ ಬಂದರೆ ಚಕ್ರದ ವಾಲು ಬಹಳ ಬದಲಾಗುವುದಿಲ್ಲ.

2. ಸ್ಟ್ರಟ್ಟಿಗೆ ಸಿಕ್ಕಿಸಿರುವ ಬ್ರೇಕ್ ಪೈಪಿನ ಕ್ಲಿಪ್ ತೆಗೆದು ಪೈಪನ್ನು ಬಿಡಿಸಿಕೊಳ್ಳಿ. ಪೈಪಿನ ಜಾಯಿಂಟ್ ಬಿಚ್ಚಬೇಡಿ. ಬಿಚ್ಚಿದರೆ ಗಾಳಿ ಸೇರಿ ಬ್ರೇಕ್ ಬ್ಲೀಡ್ ಮಾಡಬೇಕಾಗುತ್ತದೆ.

3. ನಕಲ್ಲನ್ನು ಹಗ್ಗದಿಂದ ಬಾಡಿಗೆ ಕಟ್ಟಿ. ಬುಡದ ಬೋಲ್ಟ್ ಬಂದ ಕೂಡಲೇ ನಕಲ್ ಹೊರಕ್ಕೆ ವಾಲುತ್ತದೆ. ಕಟ್ಟದಿದ್ದರೆ ಡ್ರೈವ್ ಶಾಫ್ಟ್ ಎಳೆದುಕೊಂಡು ಒಳಗಿನ ಜಾಯಿಂಟ್ ಕಳಚಬಹುದು, ಬ್ರೇಕ್ ಪೈಪಿನ ಮೇಲೂ ಭಾರ ಬೀಳುತ್ತದೆ. ಲೋವರ್ ಆರ್ಮ್ ಅಡಿಗೆ ಮರದ ತುಂಡೊಂದು ಆನಿಸಿ.

4. ಬುಡದ ಬೋಲ್ಟುಗಳ ತಲೆಯನ್ನು ಒಂದು ಪಾನಾದಲ್ಲಿ ಹಿಡಿದು, ನಟ್ ಬಿಚ್ಚಿ. ಯಾವ ಬೋಲ್ಟ್ ಯಾವ ಕಡೆಯಿಂದ ಬಂದಿತ್ತು ಅಂತ ನೋಡಿಟ್ಟುಕೊಳ್ಳಿ.

5. ಈಗ ಬಾನೆಟ್ ಕೆಳಗೆ ಸ್ಟ್ರಟ್ ತಲೆಯ ಸುತ್ತ ಇರುವ ಸಣ್ಣ ನಟ್‌ಗಳನ್ನು ಮಾತ್ರ ಬಿಚ್ಚಿ. ಒಬ್ಬರು ಕೆಳಗೆ ಸ್ಟ್ರಟ್ ಹಿಡಿದಿರಲಿ, ಇಲ್ಲದಿದ್ದರೆ ಧೊಪ್ಪೆಂದು ಬೀಳುತ್ತದೆ.

ಇಲ್ಲಿ ಒಂದು ಮಾತನ್ನು ಎರಡು ಸಲ ಹೇಳಬೇಕು. ನಟ್ಟನಡುವೆ ಇರುವ ದೊಡ್ಡ ನಟ್ಟನ್ನು ಮುಟ್ಟಬೇಡಿ. ನಟ್ಟನಡುವಿನ ನಟ್ಟನ್ನು ಮುಟ್ಟಬೇಡಿ. ಅದುಮಿದ ಸ್ಪ್ರಿಂಗನ್ನು ಹಿಡಿದಿಟ್ಟಿರುವುದು ಅದೊಂದೇ. ಅದು ಬಿಟ್ಟರೆ ಸ್ಪ್ರಿಂಗ್, ತಟ್ಟೆ, ಮೌಂಟಿಂಗ್ ಎಲ್ಲ ಗುಂಡಿನಂತೆ ಹಾರುತ್ತವೆ. ಮುಖಕ್ಕೋ ಎದೆಗೋ ಬಡಿದರೆ ಆಸ್ಪತ್ರೆ ತಲುಪುವುದು ಕಷ್ಟ.

ಮನೆಯಲ್ಲಿ ನಿಲ್ಲಿಸಬೇಕಾದ ಜಾಗ

ಸ್ಟ್ರಟ್ ಕೈಗೆ ಬಂದ ಮೇಲೆ ಹಳೇ ಸ್ಪ್ರಿಂಗನ್ನು ಹೊಸ ಸ್ಟ್ರಟ್ಟಿಗೆ ಏರಿಸಬೇಕು. ಇದನ್ನು ಮನೆಯಲ್ಲಿ ಮಾಡಬೇಡಿ ಅನ್ನುವುದೇ ನನ್ನ ಸಲಹೆ. ಎರಡು ಸ್ಟ್ರಟ್ಟನ್ನೂ ಗೋಣಿಚೀಲದಲ್ಲಿ ಸುತ್ತಿ, ಬೈಕಿನಲ್ಲೋ ಬಸ್ಸಿನಲ್ಲೋ ಮದ್ದೂರು, ಮಳವಳ್ಳಿ, ಮಂಡ್ಯ ಎಲ್ಲಿ ಸ್ಪ್ರಿಂಗ್ ಕಂಪ್ರೆಸರ್ ಇರುವ ಗ್ಯಾರೇಜಿದೆಯೋ ಅಲ್ಲಿಗೆ ಒಯ್ಯಿರಿ. ಇಡೀ ಕೆಲಸದ ಕೂಲಿ ಹೋಗಿ ಬರೀ ಸ್ಪ್ರಿಂಗ್ ಏರಿಸುವ ಕೂಲಿ ಉಳಿಯುತ್ತದೆ. ಹಗ್ಗ, ತಂತಿ, ಚೈನು ಸುತ್ತಿ ಸ್ಪ್ರಿಂಗ್ ಅದುಮುವವರನ್ನು ಕಂಡರೆ ಅಲ್ಲಿಂದ ಎದ್ದುಬನ್ನಿ.

ಅಲ್ಲಿ ನಿಂತು ನಾಲ್ಕು ವಿಷಯ ನೋಡಿಕೊಳ್ಳಿ. ಹೊಸ ಸ್ಟ್ರಟ್ಟನ್ನು ನೆಟ್ಟಗೆ ನಿಲ್ಲಿಸಿ ರಾಡನ್ನು ಮೂರು ನಾಲ್ಕು ಸಲ ಪೂರ್ತಿ ಎಳೆದು ಒತ್ತಬೇಕು, ಮಲಗಿಸಿಟ್ಟಾಗ ಸೇರಿದ ಗಾಳಿ ಮೇಲಕ್ಕೆ ಬರುತ್ತದೆ. ಸ್ಪ್ರಿಂಗಿನ ತುದಿ ಕೆಳಗಿನ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ಕೂತಿರಬೇಕು. ಬಂಪ್ ಸ್ಟಾಪರ್, ರಬ್ಬರ್ ಬೂಟು ಹಾಕಲು ಮರೆತಿರಬಾರದು. ಕಂಪ್ರೆಸರ್ ತೆಗೆಯುವ ಮುಂಚೆಯೇ ನಡುವಿನ ನಟ್ ಪೂರ್ತಿ ಬಿಗಿದು, ಮೌಂಟಿಂಗ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಸ್ಪ್ರಿಂಗ್ ಸುರುಳಿ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಅಥವಾ ಒಂದು ಕಡೆಯದು ಇನ್ನೊಂದಕ್ಕಿಂತ ಗಿಡ್ಡವಾಗಿದ್ದರೆ ಸ್ಪ್ರಿಂಗನ್ನೂ ಜೋಡಿಯಾಗಿ ಬದಲಿಸಿ.

ತಿರುಗಿ ಜೋಡಿಸುವುದು

ಮೊದಲು ತಲೆ ಕೂರಿಸಿ, ಮೇಲಿನ ನಟ್‌ಗಳನ್ನು ಕೈಬಿಗಿ ಮಾತ್ರ ಕೊಡಿ. ನಂತರ ನಕಲ್ಲನ್ನು ಬ್ರಾಕೆಟ್ಟಿಗೆ ತಂದು, ಬೋಲ್ಟ್ ಬಂದ ದಿಕ್ಕಿನಲ್ಲೇ ಹಾಕಿ, ಪೇಂಟಿನ ಗೆರೆಗೆ ಹೊಂದಿಸಿ ಬಿಗಿಯಿರಿ. ಬೋಲ್ಟನ್ನು ಸುತ್ತಿಗೆಯಿಂದ ಬಡಿದು ತೂರಿಸಬೇಡಿ, ಮರೆ ಕೆಡುತ್ತದೆ. ಆರ್ಮನ್ನು ಕೊಂಚ ಎತ್ತಿ ಇಳಿಸಿದರೆ ತೂತು ತಾನೇ ನೇರಕ್ಕೆ ಬರುತ್ತದೆ. ಬ್ರೇಕ್ ಪೈಪನ್ನು ತಿರುಚದೆ ಅದರ ಜಾಗಕ್ಕೆ ಸಿಕ್ಕಿಸಿ ಕ್ಲಿಪ್ ಹಾಕಿ. ಆಳಿಗೆ ಹೇಳಿ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಪೈಪು ಎಲ್ಲೂ ಎಳೆಯಬಾರದು, ಸ್ಪ್ರಿಂಗಿಗೂ ಟೈರಿಗೂ ಉಜ್ಜಬಾರದು. ಚಕ್ರ ಹಾಕಿ, ಗಾಡಿ ಇಳಿಸಿ, ಚಕ್ರದ ನಟ್‌ಗಳನ್ನು ಎದುರುಬದುರಾಗಿ ಬಿಗಿದು, ಕೊನೆಗೆ ಮೇಲಿನ ನಟ್‌ಗಳನ್ನು ಪೂರ್ತಿ ಬಿಗಿಯಿರಿ. ಇನ್ನೊಂದು ಕಡೆಗೂ ಇದೇ ಕ್ರಮ.

ಬಿಗಿಯುವಾಗ ಪಾನಾಕ್ಕೆ ಉದ್ದದ ಪೈಪು ತೂರಿಸಿ ಹೇರುವ ಅಭ್ಯಾಸ ಬೇಡ. ಎಷ್ಟು ಬಿಗಿ ಬೇಕು ಅನ್ನುವುದು ಗಾಡಿಯ ಸರ್ವಿಸ್ ಪುಸ್ತಕದಲ್ಲಿದೆ. ಸ್ಪ್ರಿಂಗ್ ಏರಿಸಲು ಹೋದಾಗ ಗ್ಯಾರೇಜಿನಲ್ಲಿ ಟಾರ್ಕ್ ಪಾನಾ ಇದ್ದರೆ, ಬುಡದ ಬೋಲ್ಟ್ ಬಿಗಿಯನ್ನು ಆಮೇಲೆ ಅಲ್ಲೇ ನೋಡಿಸಿಕೊಳ್ಳಿ.

ಓಡಿಸುವ ಮುನ್ನ ಬ್ರೇಕ್ ಪೆಡಲ್ ಒತ್ತಿ ನೋಡಿ. ಊರೊಳಗೆ ನಿಧಾನವಾಗಿ ಒಂದು ಸುತ್ತು ಹಾಕಿ, ಸದ್ದು ಕೇಳಿ. ಸುಮಾರು 50 ಕಿ.ಮೀ. ಓಡಿದ ಮೇಲೆ ಎಲ್ಲ ನಟ್ ಬೋಲ್ಟಿಗೂ ಮತ್ತೊಮ್ಮೆ ಪಾನಾ ಹಾಕಿ ನೋಡಿ. ಆ ವಾರದಲ್ಲೇ ವೀಲ್ ಅಲೈನ್‌ಮೆಂಟ್ ಮಾಡಿಸಿ. ಇದನ್ನು ಉಳಿಸಲು ಹೋದರೆ ಹೊಸ ಟೈರು ಒಂದೇ ಅಂಚಿನಲ್ಲಿ ಸವೆದು, ಉಳಿಸಿದ ಕೂಲಿಯೆಲ್ಲ ಟೈರಿಗೆ ಹೋಗುತ್ತದೆ.

ಬಾಳಿಕೆಗೆ

ಒಂದು ಎಳನೀರು ಒಂದೂವರೆಯಿಂದ ಎರಡು ಕಿಲೋ ತೂಗುತ್ತದೆ. ನೂರು ಎಳನೀರು ಅಂದರೆ ಸುಮಾರು ಎರಡು ಕ್ವಿಂಟಾಲ್. ಹಿಂದಿನ ಸೀಟು ಮಡಚಿ ಅಷ್ಟು ಹೇರಿಕೊಂಡು ಮದ್ದೂರು ಎಳನೀರು ಮಾರುಕಟ್ಟೆಗೆ ಹೊರಟರೆ ಗಾಡಿಯ ಹಿಂಭಾಗ ಕುಸಿದು ಮೂತಿ ಎದ್ದು, ಮುಂದಿನ ಚಕ್ರದ ಹಿಡಿತ ಕಡಿಮೆಯಾಗುತ್ತದೆ. ಆ ಕೆಲಸಕ್ಕೆ ಆಟೋ ಟೆಂಪೋ ಇದೆ. ಗುಂಡಿ ಕಂಡಾಗ ಬ್ರೇಕ್ ಒತ್ತಿಕೊಂಡೇ ಇಳಿಸಬೇಡಿ. ಮೊದಲೇ ನಿಧಾನ ಮಾಡಿ, ಗುಂಡಿಗೆ ಇಳಿಯುವ ಹೊತ್ತಿಗೆ ಬ್ರೇಕ್ ಬಿಡಿ, ಆಗ ಸ್ಟ್ರಟ್ಟಿಗೆ ಆಡಲು ಜಾಗ ಇರುತ್ತದೆ. ಗದ್ದೆ ಕೆಸರಿನಲ್ಲಿ ಓಡಿದ ದಿನ ಚಕ್ರದ ಗೂಡಿಗೆ ನೀರು ಹೊಡೆಯಿರಿ. ರಬ್ಬರ್ ಬೂಟು ಹರಿದಿದ್ದರೆ ಕೂಡಲೇ ಬದಲಿಸಿ, ಹರಿದ ಬೂಟಿನಿಂದ ಹೋದ ಮಣ್ಣೇ ಸೀಲು ಕೊಯ್ಯುವುದು. ಆರು ತಿಂಗಳಿಗೊಮ್ಮೆ, ಅಂದರೆ ಮುಂಗಾರಿಗೆ ಮೊದಲು ಮತ್ತು ಕಬ್ಬು ಕಟಾವಿಗೆ ಮೊದಲು, ಮೇಲೆ ಹೇಳಿದ ಐದು ಪರೀಕ್ಷೆ ಮಾಡಿಕೊಂಡರೆ ಸಾಕು. ಹತ್ತು ನಿಮಿಷದ ಕೆಲಸ.